ಮಾತು ಕೇಳದ ಬಲಗಿವಿ

ಊರಿನವರ ರಕ್ತನಾಳಗಳೆಲ್ಲ ಮುಂಗೈಗೆ ಕಟ್ಟಿದ ಪುಟ್ಟ ತಿರುಗಣೆಯ ಅಂಕೆಗೆ ಬಂದು ಮೂವತ್ತು ವರ್ಷವಾಗಿತ್ತು. ಏಳುವ ಮೊದಲು ಕಾಲಿನ ನಾಳ ಬಿಗಿ ಮಾಡುವುದು, ಉಂಡ ಮೇಲೆ ಹೊಟ್ಟೆಯದನ್ನು ಸಡಿಲಿಸುವುದು ಹಲ್ಲುಜ್ಜಿದಷ್ಟೇ ಸಹಜ. ವರ್ಷದ ತಪಾಸಣೆಗೆ ಬಂದ ಮುದುಕಿ ನಿಂಗವ್ವ ಮಾತ್ರ ನರ್ಸ್ ಶಾಹೀನಾಳಿಗೆ ತಲೆನೋವಾದಳು.

"ಅಜ್ಜಿ, ನಿಮ್ಮ ಬಲಗಿವಿದೊಂದು ನಾಳ ಮಾತು ಕೇಳವಲ್ದು. ತನ್ನಷ್ಟಕ್ಕ ತಾನ ತೆರೀತೈತಿ. ಇವತ್ತ ಅದನ್ನೂ ಪಳಗಿಸಿಬಿಡ್ತೀನಿ."

"ಬ್ಯಾಡವ್ವ, ಇರ್ಲಿ ಬಿಡು." ನಿಂಗವ್ವ ಸೆರಗಿನಿಂದ ಕಿವಿ ಮುಚ್ಚಿಕೊಂಡಳು. "ನನ್ನ ಮದುವಿ ಕಾಲಕ್ಕ ಮೈಯಾಗಿನ ರಕ್ತ ಯಾರನ್ನೂ ಕೇಳದ ಓಡ್ತಿತ್ತು. ನನ್ನ ನೋಡಾಕ ಬಂದಾಗ ನಾ ತಲಿ ಎತ್ತಲಿಲ್ಲ, ಮಾತಾಡಲಿಲ್ಲ. ಅವ್ರು ಈ ಕಿವಿ ಕೆಂಪಾಗಿದ್ದು ನೋಡಿ, ಹುಡುಗಿ ಒಪ್ಪ್ಯಾಳ ಅಂದ್ರು."

ತಾನಾಗಿ ಕೆಂಪೇರಿದ ಮುಖವನ್ನು ಶಾಹೀನಾ ಹುಟ್ಟಿದಾಗಿನಿಂದ ಕಂಡವಳಲ್ಲ.

"ಅಜ್ಜಾರ ಹೆಸರೇನ್ರಿ?"

ಗಂಡ ತೀರಿಕೊಂಡು ಹನ್ನೆರಡು ವರ್ಷವಾದರೂ ನಿಂಗವ್ವ ಆ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಈಗಲೂ ಹೇಳದೆ ತಲೆ ತಗ್ಗಿಸಿದಳು. ಸೆರಗು ಜಾರಿತು. ಬಲಗಿವಿ ದಾಸವಾಳದಂತೆ ಕೆಂಪಾಗಿತ್ತು.

ಶಾಹೀನಾ ನಾಳ ಪಳಗಿಸುವ ಯಂತ್ರ ನಿಲ್ಲಿಸಿ, ತಪಾಸಣೆಯ ಚೀಟಿಯಲ್ಲಿ 'ದೋಷವಿಲ್ಲ' ಎಂದು ಬರೆದಳು.