ತುಟಿಗೆ ಹೊಂದದ ಮಾತು

“ಅಮ್ಮಾ, ತುಟಿಗೂ ಮಾತಿಗೂ ಹೊಂದ್ತಾನೇ ಇಲ್ಲ,” ಎಂದಳು ತ್ರಾಮ್, ಮೂರನೆಯ ಸಲ. ಪರದೆಯ ಮೇಲೆ ಮುಳುಗುತ್ತಿದ್ದ ನಟಿ ಥೋವಾಳ ಪಾತ್ರಕ್ಕೆ ದನಿ ಕೊಡಲು ಬಂದಿದ್ದ ಹುಡುಗಿ ಅವಳು.

ಪಕ್ಕದ ಕುರ್ಚಿಯಲ್ಲಿದ್ದ ಬಿಕ್ ಲೀ ಪರದೆಯಿಂದ ಕಣ್ಣು ಕೀಳಲಿಲ್ಲ. ಅರವತ್ತು ವರ್ಷ ಹಳೆಯ ಆ ಚಿತ್ರದ ಧ್ವನಿಸುರುಳಿಯನ್ನು ಸೈಗಾನಿನ ತೇವ ತಿಂದುಹಾಕಿತ್ತು, ಚಿತ್ರವಷ್ಟೇ ಉಳಿದಿತ್ತು. ತನ್ನ ಪಾತ್ರಕ್ಕೆ ತಾನೇ ಮತ್ತೆ ಹಾಡುತ್ತೇನೆಂದು ಎಂಬತ್ತನಾಲ್ಕರ ಲೀ ಹಟ ಹಿಡಿದು ಬಂದಿದ್ದಳು.

ಚಿತ್ರದಲ್ಲಿ ಲೀ ಅಕ್ಕ, ಥೋವಾ ತಂಗಿ. ಅಕ್ಕನ ದಾರಿಗೆ ಅಡ್ಡ ಬರಬಾರದೆಂದು ತಂಗಿ ತಿಯೆನ್ ನದಿಗೆ ಇಳಿಯುತ್ತಾಳೆ. ಅಕ್ಕ ದಡದಲ್ಲಿ ಕೈಚಾಚಿ ನಿಂತು ಗೋಳಾಡಿ ಹಾಡುತ್ತಾಳೆ. ಚಿತ್ರೀಕರಣದ ದಿನ ಥೋವಾ ನಿಜವಾಗಿಯೇ ಮುಳುಗಿದಳು. ದೃಶ್ಯ ಮುಗಿದ ಮೇಲೆ ಸುಳಿ ಎಳೆದುಕೊಂಡಿತೆಂದು ಎಲ್ಲರೂ ನಂಬಿದರು. ನಾಟಕದ ಕಂಪನಿಯಲ್ಲಿ ಒಂದೇ ಚಾಪೆಯ ಮೇಲೆ ಮಲಗಿ ಬೆಳೆದ ಜೋಡಿ ಅದು. ಆ ಹಾಡಿಗೆ ಊರೂರೇ ಅತ್ತಿತು. ಬಿಕ್ ಲೀ ಮನೆಮಾತಾದಳು.

“ಹಾಳೇಲಿ ‘ಅಕ್ಕಾ, ನನ್ನ ಮರೆತು ಸುಖವಾಗಿರು’ ಅಂತಿದೆ. ಪರದೇಲಿ ಇವರು ಬೇರೇನೋ ಹೇಳ್ತಿದಾರೆ. ಮೊದಲ ಸಲ ದನಿ ಕೊಟ್ಟಿದ್ದು ಯಾರಮ್ಮ?”

“ನಾನೇ. ಅವಳು ಇರಲಿಲ್ವಲ್ಲ.”

“ಆಗ ಹೊಂದಿತ್ತಾ?”

“ಹೊಂದಿಸಿದೆ,” ಎಂದಳು ಲೀ.

ಧ್ವನಿಮುದ್ರಕ ಮತ್ತೊಮ್ಮೆ ಸುರುಳಿ ಬಿಟ್ಟ. ಲೀಯ ಕಿವಿಗೆ ಹಾಕಿದ್ದ ಹೆಡ್‌ಫೋನಿನಲ್ಲಿ ನೀರು ದಡಕ್ಕೆ ಬಡಿಯುವ ಸದ್ದು. ಸದ್ದೆಲ್ಲಿಂದ ಬರುತ್ತಿದೆಯೆಂದು ಕೇಳಿದಳು. ಸುರುಳಿ ಮೂಕ, ಏನೂ ಇಲ್ಲ ಎಂದು ಅವನು ಗಾಜಿನಾಚೆಯಿಂದ ಕೈಯಾಡಿಸಿದ.

ತ್ರಾಮ್ ಮೈಕಿಗೆ ಬಾಗಿದಳು. ಉತ್ತರದ ಹನೋಯಿಯಲ್ಲಿ ಹುಟ್ಟಿ ಬೆಳೆದ ಆ ಹುಡುಗಿಯ ಬಾಯಿಂದ ದಕ್ಷಿಣದ ನದೀಪಾತ್ರದವರ ಎಳೆದೆಳೆದ ಮಾತು ಹೊರಬಿತ್ತು.

“ಅಕ್ಕಾ, ಕಾಲು ಬಲೇಲಿ ಸಿಕ್ಕೊಂಡಿದೆ. ನಟನೆ ಅಲ್ಲ ಅಕ್ಕಾ. ಕೈ ಕೊಡು.”

ಒಂದೊಂದು ಅಕ್ಷರವೂ ಥೋವಾಳ ತುಟಿಗೆ ಕೂದಲೆಳೆಯಷ್ಟೂ ತಪ್ಪದೆ ಕೂತಿತು. ಇನ್ನು ಹಾಡಬೇಕಾದದ್ದು ಲೀ. ಧ್ವನಿಮುದ್ರಕ ಸನ್ನೆ ಮಾಡಿದ. ಅವಳು ಹಾಡದೆ ಪರದೆಯತ್ತ ಬಾಗಿದಳು.

“ಕೇಳಿಸ್ತು ಕಣೇ,” ಎಂದಳು ಮೆಲ್ಲಗೆ. “ಅವತ್ತೂ ಕೇಳಿಸಿತ್ತು. ಹಾಡು ಚೆನ್ನಾಗಿ ಬರ್ತಿತ್ತು, ಅದಕ್ಕೇ... ಬಂದೆ ಕಣೇ, ಬಂದೆ.”

ಯಂತ್ರ ನಿಂತಿತು. ತ್ರಾಮ್ ಹಾಳೆ ಮಡಿಸುತ್ತ, ಅದರಲ್ಲಿದ್ದುದನ್ನೇ ಓದಿದೆನೆಂದು ಹೇಳಿ, ಈ ಸಲವಾದರೂ ಹೊಂದಿತೇ ಎಂದು ತನ್ನ ಎಂದಿನ ದನಿಯಲ್ಲಿ ಕೇಳಿದಳು.

ಪರೀಕ್ಷಿಸಲೆಂದು ದೃಶ್ಯವನ್ನು ಮತ್ತೆ ಹಾಕಿದರು. ಥೋವಾ ನೀರಿನಿಂದ ತಲೆಯೆತ್ತಿದಳು. ಈ ಸಲ ಅವಳ ತುಟಿ ಅಲುಗಲೇ ಇಲ್ಲ. ದಡವನ್ನೇ ನೋಡುತ್ತ ಸುಮ್ಮನೆ ಇಳಿದುಹೋದಳು. ದಡದಲ್ಲಿ ಇಪ್ಪತ್ತನಾಲ್ಕರ ಲೀ ಒಂದು ಹೆಜ್ಜೆಯೂ ಮುಂದಿಡದೆ, ಎರಡೂ ಕೈ ಚಾಚಿ, ಸದ್ದಿಲ್ಲದೆ ಹಾಡುತ್ತಲೇ ಇದ್ದಳು.