ಕಸಬರಿಗೆ ಹಿಡಿದ ಕೈ

ಗೂಳಪ್ಪ ತಲೆ ಎತ್ತಲಿಲ್ಲ. ದವಾಖಾನೆಯ ಅಂಗಳ ಗುಡಿಸುವಾಗ ತಲೆ ಎತ್ತಿದರೆ ಎದುರಿನ ಬಸ್‌ಸ್ಟ್ಯಾಂಡಿನ ಕಣ್ಣುಗಳೆಲ್ಲ ಮುಖಕ್ಕೇ ಬಂದು ಬಡಿಯುತ್ತವೆ.

ಏಳು ದಿನದ ಶಿಕ್ಷೆ. ಇಂದು ಕೊನೆಯದು. ಕೋರ್ಟು ಜೇಲಿಗೆ ಹಾಕಲಿಲ್ಲ, ದಂಡ ಕೇಳಲಿಲ್ಲ. ಹೊಸ ಕಾಯ್ದೆ ಹಿಡಿದು, ಊರ ಸೇವೆ ಮಾಡು ಎಂದಿತು.

ಮೆಟ್ಟಿಲ ಮೇಲೆ ಮುದುಕಿ ರೇವವ್ವ. ಮೊಕದ್ದಮೆಯ ಇನ್ನೊಂದು ಪಕ್ಷ. ಮೊದಲ ದಿನ ಮೊಣಕಾಲು ಹಿಡಿದು ನರಳುತ್ತ ಕೂತವಳು, ಏಳು ದಿನವೂ ಅಲ್ಲೇ.

"ಆ ಮೂಲ್ಯಾಗ ಕಸಾ ಉಳೀತಲ್ಲೋ," ಎಂದಳು.

ಗೂಳಪ್ಪ ಹಲ್ಲು ಕಚ್ಚಿ ಮೂಲೆಗೆ ಹೋದ.

ಹಿಟ್ಟಿನ ಗಿರಣಿಯಲ್ಲಿ, ಹತ್ತು ಮಂದಿಯ ಮುಂದೆ ಹುಟ್ಟಿದ್ದು ಒಂದೇ ಮಾತು: ಹೊಲದ ಪಂಪಿನ ಮೋಟಾರು ಕದ್ದವರ ಹೆಸರು. ಅದು ಇಬ್ಬರನ್ನೂ ಹದಿನಾಲ್ಕು ತಿಂಗಳು ಕೋರ್ಟಿಗೆ ಅಲೆಸಿತು. ಸುಟ್ಟ ಮೋಟಾರಿಗೆ ತಂತಿ ಸುತ್ತುವ ಗೂಳಪ್ಪನ ಅಂಗಡಿಗೆ ಅಷ್ಟೂ ದಿನ ಒಬ್ಬ ಗಿರಾಕಿ ಬರಲಿಲ್ಲ. ತೀರ್ಪು ಬಂದ ಮೇಲೆ ಬರುತ್ತಾರೆ ಎಂದು ನಂಬಿದ್ದ. ತೀರ್ಪು ಬಂತು. ಕಸಬರಿಗೆಯೂ ಬಂತು.

ಬಮ್ಮಿಗಟ್ಟಿಯ ಉಡಚಪ್ಪ ಬೈಕು ನಿಲ್ಲಿಸಿದ. ಹಿಂದೆ ಗೋಣಿಚೀಲದಲ್ಲಿ ಕಟ್ಟಿದ ಮೋಟಾರು.

"ನಿನ್ನ ಅಂಗಡಿಗೇ ಹೊಂಟಿದ್ದೆಪಾ. ತೀರ್ಪ ಆತಂತ ಕೇಳಿದ್ದೆ." ಕಸಬರಿಗೆ ನೋಡಿದ. "ಏನಾತು ಅಂತ ಕೇಳೂದ ಬ್ಯಾಡ ಬಿಡು."

"ಕಾಕಾ, ಹಂಗಲ್ಲರಿ..."

ರೇವವ್ವ ಮೊಣಕಾಲು ತಿಕ್ಕುತ್ತ ನರಳಿದಳು. ಗೂಳಪ್ಪ ಅವಳ ಕಡೆ ನೋಡಿ ಮತ್ತೆ ಗುಡಿಸತೊಡಗಿದ.

"ನಮ್ಮ ಅಜ್ಜಾರ ಕಾಲದಾಗ ತಪ್ಪಿದಾಂವ ಚಾವಡಿ ಮುಂದ ಬಾಯಾಗ ಚಪ್ಪಲಿ ಕಚ್ಚಿ ನಿಂದರತಿದ್ದ. ಬ್ರಿಟಿಷರು ಜೇಲು ತೋರಿಸಿದ್ರು. ಈಗಿಂದು ಸಸ್ತಾ ಕಾಯ್ದೆ, ಕಸಬರಗಿ ಹಿಡಿಸಿ ಬಿಡತೈತಿ." ಉಡಚಪ್ಪ ನಕ್ಕು ಬೈಕನ್ನು ದುಮ್ಮವಾಡದ ಕಡೆ ತಿರುಗಿಸಿದ. ಅಲ್ಲೊಬ್ಬ ಮೋಟಾರು ಕಟ್ಟುವವನಿದ್ದಾನೆ.

ಅಂಗಿಯ ಜೇಬಿನಲ್ಲಿ ತೀರ್ಪಿನ ನಕಲು ಬೆವರಿಗೆ ಮೆತ್ತಗಾಗಿತ್ತು. ಯಾರ ಯಾರ ಬೈಕಿನ ಹಿಂದೆ ಓಡುವುದು? ಸಾಕಾಗಿತ್ತು.

ನರ್ಸ್ ಶಮೀಮಾಬಿ ಹಾಜರಿ ಪುಸ್ತಕ ತಂದಳು. ಗೂಳಪ್ಪ ಪಕ್ಕಕ್ಕೆ ಸರಿದು ನಿಂತ. ಅವಳು ಶಾಯಿಯ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟಳು.

"ಹೆಬ್ಬಟ್ಟು ಒತ್ತಬೇ ಆಯಿ. ನಿನ್ನ ಶಿಕ್ಷಾ ಮುಗೀತು. ನಿನಗ ಕಾಲ ನೋವಂತ ಪಾಪ ಅಂವ ಏಳೂ ದಿನ ನಿನ್ನ ಕಸಾ ಹೊಡದಾನ. ಇನ್ನರ ಅವಂಗ ಕಳ್ಳ ಅನಬ್ಯಾಡ."

ರೇವವ್ವ ಹೆಬ್ಬೆಟ್ಟು ಒತ್ತಿದಳು. ಮೊಣಕಾಲಿಗೆ ಕೈ ಕೊಡದೆ ಸರಕ್ಕನೆ ಎದ್ದಳು.

"ನಾ ಯಾಕ ಅನ್ನಲಿ," ಎಂದಳು. "ಕಸಬರಗಿ ಯಾರ ಕೈಯಾಗಿತ್ತು ಅಂತ ಮಂದೆಲ್ಲಾ ನೋಡ್ಯಾರಲ್ಲ."