ಪಿಟೀಲಿಗೊಂದು ಸೀರೆ

ಎರಡನೇ ಕೀರ್ತನೆಯ ನಡುವೆ ಚೂಡಾಮಣಿಯ ಪಿಟೀಲು ಮೂರನೇ ಸಲ ಜಾರಿತು. ಪಾದದ ಗಿಣ್ಣಿನ ಮೇಲೆ ಊರಿದ್ದ ಅದರ ತುದಿ ನೈಲಾನ್ ಸೀರೆಯ ಮೇಲೆ ನಿಲ್ಲಲೊಲ್ಲದು. ಎಡಗೈ ಗಮಕಕ್ಕೆ ಇಳಿದಾಗಲೆಲ್ಲ ವಾದ್ಯವೇ ಇಳಿಯುತ್ತಿತ್ತು. ಹಿಡಿದು ನಿಲ್ಲಿಸುವಷ್ಟರಲ್ಲಿ ಸ್ವರ ತಪ್ಪಿತು. ರಾಮನವಮಿಯ ಕಚೇರಿಗೆಂದು ಹೊಳೆನರಸೀಪುರದ ಶ್ರೀರಂಗಮ್ಮನ ಹಜಾರದಲ್ಲಿ ಕೂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹಾಡು ಮುಗಿಸಿದ ಅಪ್ಪಾಜಿ ಶಾಸ್ತ್ರಿಗಳು ಇತ್ತ ಬಾಗಿದರು. ಹೆಣ್ಣುಮಕ್ಕಳ ಪಕ್ಕವಾದ್ಯಕ್ಕೆ ಎಂದೂ ಒಪ್ಪದವರು. ಅವರ ಎಂದಿನ ಪಿಟೀಲಿನವರು ಜ್ವರ ಬಂದು ಮಲಗಿದ್ದರಿಂದ ರುದ್ರಪಟ್ಟಣದ ಈ ಹುಡುಗಿಗೆ ಕರೆ ಹೋಗಿತ್ತು.

"ಆಗದಿದ್ದರೆ ಇಳಿದುಬಿಡಮ್ಮ. ಮೃದಂಗ ಒಂದೇ ಸಾಕು ನನಗೆ."

"ಐದು ನಿಮಿಷ ಕೊಡಿ. ತಪ್ಪು ಕೈಯದಲ್ಲ, ಸೀರೇದು."

"ಈ ಹಾಲು ಕುಡಿಯೋಷ್ಟು ಹೊತ್ತು. ಆಮೇಲೆ ನೀನಿದ್ದರೂ ಸರಿ, ಇಲ್ಲದಿದ್ದರೂ ಸರಿ, ಹಾಡ್ತೀನಿ."

ಚೂಡಾಮಣಿ ಹಿತ್ತಿಲಿಗೆ ಓಡಿದಳು. ಹೋದ ವರ್ಷ ಸೀರೆಯ ಜರಿಗೆ ಕಮಾನಿನ ಕೂದಲು ಸಿಕ್ಕಿ ಮಾನ ಹೋಗಿತ್ತು. ಜರಿಯ ಸಹವಾಸವೇ ಬೇಡವೆಂದು ಈ ಸಲ ಹಾಸನಕ್ಕೇ ಹೋಗಿ ನೈಲಾನ್ ತಂದಿದ್ದಳು. "ಮೈಮೇಲೆ ಐತೆ ಅನ್ನೋದೇ ಗೊತ್ತಾಗಲ್ಲ ಕಣಮ್ಮ" ಎಂದಿದ್ದ ಅಂಗಡಿಯವ. ಕನ್ನಡಿಯೆದುರು ನಿಂತು ನೋಡಿಕೊಂಡಿದ್ದಳು. ಕೂತು ನೋಡಿರಲಿಲ್ಲ.

"ಒಂದು ನೂಲಿನ ಸೀರೆ ಕೊಡಿ ಅತ್ತೆ, ಯಾವುದಾದರೂ."

ಶ್ರೀರಂಗಮ್ಮ ಕೈ ಹಿಸುಕಿಕೊಂಡರು. "ಪೆಟ್ಟಿಗೆಯಲ್ಲಿರೋದೆಲ್ಲ ಜರಿ ರೇಷ್ಮೆ. ನೂಲಿಂದು ಮಡೀಗೆ ಹಾಕಿದ್ದೀನಿ, ನಾಳೆವರೆಗೆ ಯಾರೂ ಮುಟ್ಟೋ ಹಾಗಿಲ್ಲವಲ್ಲೇ!"

ಕೊಟ್ಟಿಗೆ ಗುಡಿಸುತ್ತಿದ್ದ ಬೆಟ್ಟಮ್ಮ ಪೊರಕೆ ಹಿಡಿದೇ ನಿಂತಳು. "ನಂದೊಂದೈತೆ ಕಣವ್ವ. ಗೋಣಿತಾಟು ಇದ್ದಂಗೈತೆ. ನಿಮ್ಮಂತೋರು ಉಡೋದಲ್ಲ, ಬುಡಿ."

"ತಾ ಬೇಗ." ಕೊಟ್ಟಿಗೆಯ ಮೂಲೆಯಲ್ಲಿದ್ದ ಗಂಟು ಬಿಚ್ಚಿ ಬೆಟ್ಟಮ್ಮ ಸೀರೆ ತಂದುಕೊಟ್ಟಳು.

"ಏ ಚೂಡಾ! ಬೆಟ್ಟಮ್ಮನ ಸೀರೇನೇ? ದೇವರ ಪಟ ಇಟ್ಟಿದೆಯಲ್ಲೇ ಅಲ್ಲಿ!" ಶ್ರೀರಂಗಮ್ಮನ ಮಾತು ಮುಗಿಯುವಷ್ಟರಲ್ಲಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡಿತ್ತು.

ಶಾಸ್ತ್ರಿಗಳು ಲೋಟ ಕೆಳಗಿಡುವುದಕ್ಕೂ ಅವಳು ಬಂದು ಕೂರುವುದಕ್ಕೂ ಸರಿಹೋಯಿತು. ಒರಟು ನೂಲು ಪಿಟೀಲನ್ನು ಗಟ್ಟಿಯಾಗಿ ಕಚ್ಚಿ ಹಿಡಿಯಿತು. ಆಲಾಪನೆ ಏರಿತು; ಅವಳೂ ಏರಿದಳು. ಅವರು ಬಿಟ್ಟ ಕಡೆ ಎತ್ತಿಕೊಂಡು, ಅವರು ನಿಂತ ಕಡೆ ನಿಂತಳು. ಹಜಾರದಲ್ಲಿ ಕೆಮ್ಮುವವರೂ ಕೆಮ್ಮಲಿಲ್ಲ.

ಮಂಗಳ ಹಾಡಿದ ಮೇಲೆ ಶಾಸ್ತ್ರಿಗಳು ಎಲ್ಲರಿಗೂ ಕೇಳುವಂತೆ ಅಂದರು: "ನಾಡಿದ್ದು ಅರಕಲಗೂಡಿನ ಕಚೇರಿಗೂ ನೀನೇ ಬಾಮ್ಮ. ಇದೇ ಸೀರೆ ಉಟ್ಟು ಬಾ. ಇಂಥಾದ್ದು ಇಟ್ಟುಕೊಂಡು ಆ ಗಾಳಿಪಟ ಯಾಕೆ ಸುತ್ತಿಕೊಂಡಿದ್ದೆ? ಯಾವ ಅಂಗಡೀದು?"

ಬಾಗಿಲಲ್ಲಿ ನಿಂತಿದ್ದ ಶ್ರೀರಂಗಮ್ಮ ಕಣ್ಣಲ್ಲೇ ಬೇಡಿಕೊಂಡರು. ಸುಳ್ಳು ಹೇಳುವುದು ಸುಲಭವಿತ್ತು. ಹಾಸನದ ಯಾವ ಅಂಗಡಿಯ ಹೆಸರಾದರೂ ಆಗುತ್ತಿತ್ತು. ಚೂಡಾಮಣಿ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು.

"ನನ್ನದಲ್ಲ. ಈ ಮನೆ ಕೊಟ್ಟಿಗೆ ಗುಡಿಸೋ ಬೆಟ್ಟಮ್ಮಂದು."

ಶಾಸ್ತ್ರಿಗಳ ಕೈ ಶಲ್ಯದ ಮೇಲೆ ನಿಂತಿತು. ಮುಂದಿನ ಸಾಲಿನಲ್ಲಿ ಯಾರೋ ಎದ್ದರು. ಕಿಟಕಿಯಾಚೆಯಿಂದ, ಅಂಗಳದಲ್ಲಿ ನಿಂತು ಕೇಳುತ್ತಿದ್ದ ಬೆಟ್ಟಮ್ಮನ ದನಿ ಬಂತು:

"ಒಗ್ದಿದ್ದೆ ಬುದ್ಧೀ... ಎಲ್ಡು ಸಲ ಒಗ್ದಿದ್ದೆ."